ಓದುಗರ ಪ್ರಶ್ನೆ, ನಮ್ಮ ಉತ್ತರ: ಐರ್ಲೆಂಡಿನ ಬಡವರು, ಆಲೂಗಡ್ಡೆ ಮತ್ತು ಗೇಣಿ

ಐರ್ಲೆಂಡಿನ ಜನಸಾಮಾನ್ಯರು ಹಿಂದೆ ಹೇಗೆ ಬದುಕುತ್ತಿದ್ದರು, 1845ರಲ್ಲಿ ತಲೆದೋರಿದ ಮಹಾಕ್ಷಾಮ ಅಷ್ಟು ಜೀವಗಳನ್ನು ಬಲಿ ತೆಗೆದುಕೊಂಡದ್ದು ಏಕೆ ಎಂದು ಕೇಳಿ ಹಲವು ಓದುಗರು ಬರೆದಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳಾದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕ್ಷಾಮಕ್ಕೆ ಮುಂಚೆ ಐರ್ಲೆಂಡಿನ ಹಳ್ಳಿಯ ಬಡ ಕುಟುಂಬವೊಂದರ ಮನೆ, ಊಟ, ದಿನಚರಿ ಹೇಗಿರುತ್ತಿದ್ದವು?

ಉತ್ತರ: 1841ರ ಜನಗಣತಿಯ ಅಧಿಕಾರಿಗಳು ದೇಶದ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದರು. ನಾಲ್ಕನೆಯ ದರ್ಜೆ ಎಂದರೆ ಒಂದೇ ಕೋಣೆಯ ಮಣ್ಣಿನ ಗುಡಿಸಲು. ಹಳ್ಳಿಗಾಡಿನ ಕುಟುಂಬಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ದರ್ಜೆಯಲ್ಲೇ ಇದ್ದವು. ಹುಲ್ಲಿನ ಸೂರು, ಮಣ್ಣಿನ ನೆಲ, ಅನೇಕ ಕಡೆ ಕಿಟಕಿಯೂ ಇಲ್ಲ, ಹೊಗೆಗೂಡೂ ಇಲ್ಲ. ಹೊಗೆ ಬಾಗಿಲಿನಿಂದಲೋ ಸೂರಿನ ತೂತಿನಿಂದಲೋ ಹೊರಗೆ ಹೋಗಬೇಕು. ಮಲಗುವುದು ನೆಲದ ಮೇಲೆ ಹಾಸಿದ ಒಣಹುಲ್ಲಿನ ಮೇಲೆ, ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ. ಜೌಗುನೆಲದಿಂದ ಇಟ್ಟಿಗೆಗಳಂತೆ ಕಡಿದು ಬೇಸಿಗೆಯಲ್ಲಿ ಒಣಗಿಸಿಟ್ಟ ಪೀಟ್ ಮಣ್ಣೇ ಸೌದೆ. ಒಲೆಯನ್ನು ಆರಗೊಡುತ್ತಿರಲಿಲ್ಲ, ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಅದನ್ನೇ ಕೆದಕಿ ಉರಿ ಮಾಡುತ್ತಿದ್ದರು.

ಊಟವೆಂದರೆ ಆಲೂಗಡ್ಡೆ, ಸಿಕ್ಕರೆ ಮಜ್ಜಿಗೆ, ಉಪ್ಪು. ಕರಾವಳಿಯಲ್ಲಾದರೆ ಒಮ್ಮೊಮ್ಮೆ ಉಪ್ಪುಮೀನು. ದುಡಿಯುವ ಗಂಡಸೊಬ್ಬ ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ. ಲೆಕ್ಕ ಉತ್ಪ್ರೇಕ್ಷೆಯಂತೆ ಕಂಡರೂ ಅಂದಿನ ಹಲವು ದಾಖಲೆಗಳು ಇದನ್ನೇ ಹೇಳುತ್ತವೆ, ಬೇರೇನೂ ತಿನ್ನಲು ಇಲ್ಲದವನ ಹೊಟ್ಟೆಗೆ ಅಷ್ಟು ಬೇಕೂ ಆಗುತ್ತದೆ. ಬೆಂದ ಗಡ್ಡೆಗಳನ್ನು ಬೆತ್ತದ ಬುಟ್ಟಿಗೆ ಸುರಿದು ನೀರು ಬಸಿದು, ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಕೈಯಿಂದಲೇ ಸಿಪ್ಪೆ ಸುಲಿದು ತಿನ್ನುವರು. ಬಹಳ ದೂರ ನಡೆಯಬೇಕಾದಾಗ ಅಥವಾ ಇಡೀ ದಿನ ಗುದ್ದಲಿ ಹಿಡಿಯಬೇಕಾದಾಗ ಗಡ್ಡೆಯ ನಡುಭಾಗವನ್ನು ಬೇಕೆಂದೇ ಅರೆಬೇಯಿಸಿ ಬಿಡುತ್ತಿದ್ದರು, ಏಕೆಂದರೆ ಅದು ಬೇಗ ಜೀರ್ಣವಾಗದೆ ಹಸಿವನ್ನು ತುಸು ಹೊತ್ತು ತಡೆಯುತ್ತಿತ್ತು. ಸಿಪ್ಪೆ ಮತ್ತು ಸಣ್ಣ ಗಡ್ಡೆಗಳು ಹಂದಿಗೆ. ಆ ಹಂದಿಯನ್ನು ಮನೆಯವರು ತಿನ್ನುತ್ತಿರಲಿಲ್ಲ. ಅದನ್ನು ಮಾರಿ ಬಂದ ಹಣ ಗೇಣಿಗೆ ಹೋಗುತ್ತಿತ್ತು. ಕೋಳಿ ಸಾಕುತ್ತಿದ್ದ ಹೆಂಗಸರು ಮೊಟ್ಟೆಗಳನ್ನೂ ಹೀಗೆಯೇ ಸಂತೆಗೆ ಕಳಿಸುತ್ತಿದ್ದರು.

ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಆಹಾರ ಏಕತಾನದ್ದಾಗಿತ್ತು, ಆದರೆ ಸತ್ವಹೀನವಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿದ ಯುವಕರ ಎತ್ತರವನ್ನು ದಾಖಲೆಗಳಲ್ಲಿ ಹೋಲಿಸಿ ನೋಡಿದ ಇತಿಹಾಸಕಾರರಿಗೆ ಐರಿಷ್ ಯುವಕರು ಇಂಗ್ಲಿಷರಿಗಿಂತ ತುಸು ಎತ್ತರವಾಗಿಯೇ ಇದ್ದದ್ದು ಕಂಡುಬಂದಿದೆ. ಕಷ್ಟವೆಲ್ಲ ಬರುತ್ತಿದ್ದದ್ದು ಬೇಸಿಗೆಯಲ್ಲಿ. ಹಳೆಯ ಗಡ್ಡೆ ಕೆಟ್ಟುಹೋಗಿ ಹೊಸದು ನೆಲದಿಂದ ಬರುವ ತನಕದ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕುಟುಂಬಗಳು ಸಾಲಕ್ಕೆ ತಂದ ಓಟ್ ಹಿಟ್ಟಿನ ಗಂಜಿ ಅಥವಾ ಸೊಪ್ಪುಸದೆ ತಿಂದು ದಿನ ದೂಡಬೇಕಾಗಿತ್ತು. ಗಂಡಸರು ಕೂಲಿ ಹುಡುಕಿಕೊಂಡು ಹೊರಟ ಮೇಲೆ ಹೆಂಗಸರು ಮಕ್ಕಳನ್ನು ಕರೆದುಕೊಂಡು, ತಮ್ಮ ಗುರುತಿನವರಿಲ್ಲದ ಊರುಗಳಲ್ಲಿ ಭಿಕ್ಷೆಗೆ ಹೋಗುವುದು ವರ್ಷವರ್ಷವೂ ನಡೆಯುತ್ತಿತ್ತು. ಕ್ಷಾಮವೆಂದು ಯಾರೂ ಕರೆಯದಿದ್ದ ಒಳ್ಳೆಯ ವರ್ಷಗಳ ಮಾತು ಇದು.

ಪ್ರಶ್ನೆ: ಒಂದು ತರಕಾರಿಗೆ ರೋಗ ಬಂದ ಮಾತ್ರಕ್ಕೆ ಇಡೀ ದೇಶ ಉಪವಾಸ ಬಿದ್ದದ್ದು ಹೇಗೆ? ಅಲ್ಲಿ ಗೋಧಿ, ಓಟ್ಸ್, ದನಕರು ಏನೂ ಇರಲಿಲ್ಲವೇ?

ಉತ್ತರ: ಎಲ್ಲವೂ ಇತ್ತು. ಈ ಪ್ರಶ್ನೆಗೆ ಉತ್ತರ ಆಲೂಗಡ್ಡೆಯ ರೋಗದಲ್ಲಿ ಅರ್ಧ ಸಿಕ್ಕರೆ, ಉಳಿದರ್ಧ ಗೇಣಿಯ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ದೊಡ್ಡ ಪಾಲು.

ಭೂಮಿಯ ಒಡೆತನ ಕೆಲವೇ ಸಾವಿರ ಜಮೀನ್ದಾರ ಮನೆತನಗಳ ಕೈಯಲ್ಲಿತ್ತು, ಅವರಲ್ಲಿ ಎಷ್ಟೋ ಮಂದಿ ಇಂಗ್ಲೆಂಡಿನಲ್ಲಿ ನೆಲೆಸಿದ್ದರು. ಅವರಿಂದ ಗೇಣಿಗೆ ಪಡೆದವನು ಅದನ್ನು ತುಂಡು ಮಾಡಿ ಒಳಗೇಣಿಗೆ ಕೊಡುವುದು, ಆ ತುಂಡನ್ನು ಪಡೆದವನು ಮತ್ತೆ ತುಂಡರಿಸುವುದು, ತಂದೆ ತನ್ನ ಪಾಲನ್ನು ಗಂಡುಮಕ್ಕಳಿಗೆ ಹಂಚುವುದು, ಹೀಗೆ ಆಗಿ ಆಗಿ ಕೊನೆಯವನ ಕೈಗೆ ಒಂದೆರಡು ಎಕರೆಯೂ ಉಳಿಯುತ್ತಿರಲಿಲ್ಲ. ಅದಕ್ಕೂ ಕೆಳಗೆ, ಒಂದು ಬೆಳೆಯ ಮಟ್ಟಿಗೆ ಮಾತ್ರ ತುಂಡು ನೆಲವನ್ನು ಹಿಡಿಯುವ ಕೂಲಿಕಾರರಿದ್ದರು. ಗೊಬ್ಬರ ಹಾಕಿದ ಒಂದು ಎಕರೆಗೆ ಒಂದು ಬೆಳೆಯ ಬಾಡಿಗೆ 8ರಿಂದ 10 ಪೌಂಡ್ ಆಗುವುದು ಸಾಮಾನ್ಯವಾಗಿತ್ತು. ಕೂಲಿ ದಿನಕ್ಕೆ 8 ಪೆನ್ನಿ ಎಂದಿಟ್ಟುಕೊಳ್ಳೋಣ. ಆಗ 240 ಪೆನ್ನಿಗೆ ಒಂದು ಪೌಂಡ್. 8 ಪೌಂಡ್ ತೀರಿಸಲು 240 ದಿನ ದುಡಿಯಬೇಕು. ಅಷ್ಟು ದಿನ ಕೆಲಸ ಸಿಗುತ್ತಲೇ ಇರಲಿಲ್ಲ. ಇಷ್ಟು ಸಣ್ಣ ನೆಲದಲ್ಲಿ ಐದಾರು ಮಂದಿಯ ಕುಟುಂಬದ ಹೊಟ್ಟೆ ತುಂಬಿಸಬಲ್ಲ ಬೆಳೆ ಆಲೂಗಡ್ಡೆ ಒಂದೇ. ಒಳ್ಳೆಯ ನೆಲದಲ್ಲಿ ಓಟ್ಸ್, ಬಾರ್ಲಿ, ಗೋಧಿ ಬೆಳೆದರೂ ಅದು ಗೇಣಿಗಾಗಿ ಮಾರುವ ಬೆಳೆ. ಬೆಳೆದವನ ಮನೆಯಲ್ಲಿ ಅದು ಬೇಯುತ್ತಿರಲಿಲ್ಲ. ದೇಶದ 80 ಲಕ್ಷ ಜನರಲ್ಲಿ ಸುಮಾರು 30 ಲಕ್ಷ ಮಂದಿ ಹೆಚ್ಚುಕಡಿಮೆ ಆಲೂಗಡ್ಡೆಯೊಂದನ್ನೇ ನಂಬಿದ್ದರು. ಅದರಲ್ಲೂ ಬಡವರು ಬೆಳೆಯುತ್ತಿದ್ದದ್ದು ಕೆಟ್ಟ ನೆಲದಲ್ಲೂ ಹೆಚ್ಚು ಫಸಲು ಕೊಡುವ ‘ಲಂಪರ್’ ಎಂಬ ಒಂದೇ ತಳಿ.

1845ರ ಶರತ್ಕಾಲದಲ್ಲಿ ಅಂಗಮಾರಿ ರೋಗ ಕಾಣಿಸಿಕೊಂಡಿತು. ಎಲೆಗಳ ಮೇಲೆ ಕಪ್ಪು ಚುಕ್ಕೆ, ಗದ್ದೆಯಿಂದ ಗದ್ದೆಗೆ ಹರಡುವ ದುರ್ವಾಸನೆ, ಅಗೆದರೆ ನೆಲದೊಳಗೆ ಕೊಳೆತ ಗಡ್ಡೆ. ಚೆನ್ನಾಗಿದೆಯೆಂದು ಗುಂಡಿಯಲ್ಲಿ ಮುಚ್ಚಿಟ್ಟದ್ದೂ ಕೆಲವು ವಾರಗಳಲ್ಲಿ ಕರಗಿ ಕಪ್ಪಾಗುತ್ತಿತ್ತು. ತೇವಭರಿತ ಗಾಳಿಯಲ್ಲಿ ಹಬ್ಬುವ ಸೂಕ್ಷ್ಮಜೀವಿ ಇದಕ್ಕೆ ಕಾರಣವೆಂಬುದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆ ವರ್ಷ ಬೆಳೆಯ ಒಂದು ಭಾಗ ಹೋಯಿತು, 1846ರಲ್ಲಿ ಬಹುತೇಕ ಎಲ್ಲವೂ ಹೋಯಿತು. 1847ರಲ್ಲಿ ರೋಗ ತಗ್ಗಿದ್ದರೂ ಬಿತ್ತನೆಗೆಂದು ಇಟ್ಟ ಗಡ್ಡೆಯನ್ನೇ ಜನ ತಿಂದಿದ್ದರಿಂದ ನಾಟಿಯಾದದ್ದು ಅತ್ಯಲ್ಪ. 1848ರಲ್ಲಿ ರೋಗ ಮತ್ತೆ ಬಂತು.

ಈ ವರ್ಷಗಳಲ್ಲೂ ಧಾನ್ಯ, ಬೆಣ್ಣೆ, ದನ, ಹಂದಿಗಳನ್ನು ತುಂಬಿದ ಹಡಗುಗಳು ಐರಿಷ್ ಬಂದರುಗಳಿಂದ ಇಂಗ್ಲೆಂಡಿಗೆ ಹೋಗುತ್ತಿದ್ದವು, ಸೈನಿಕರ ಕಾವಲಿನಲ್ಲಿ ಗಾಡಿಗಳು ಬಂದರು ತಲುಪುತ್ತಿದ್ದವು. ಲೆಕ್ಕವನ್ನು ನ್ಯಾಯವಾಗಿ ಹೇಳುವುದಾದರೆ 1847ರಲ್ಲಿ ಹೊರಗೆ ಹೋದದ್ದಕ್ಕಿಂತ ಒಳಗೆ ಬಂದ ಧಾನ್ಯವೇ ಹೆಚ್ಚು, ಮುಖ್ಯವಾಗಿ ಅಮೆರಿಕದ ಮೆಕ್ಕೆಜೋಳ. ಆದರೆ 1846ರ ಬೆಳೆ ನಾಶವಾದಾಗಿನಿಂದ ಆ ಹಡಗುಗಳು ದೊಡ್ಡ ಪ್ರಮಾಣದಲ್ಲಿ ಬರುವ ತನಕ ನಡುವೆ ಒಂದು ಭೀಕರ ಚಳಿಗಾಲ ಕಳೆದುಹೋಗಿತ್ತು. ಧಾನ್ಯ ಬಂದ ಮೇಲೂ ಅದನ್ನು ಕೊಳ್ಳಲು ಕಾಸು ಬೇಕಿತ್ತು. ಆಗ ಐರ್ಲೆಂಡನ್ನೂ ಆಳುತ್ತಿದ್ದ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ 1845ರ ಕೊನೆಯಲ್ಲಿ ಒಂದು ಲಕ್ಷ ಪೌಂಡ್ ಬೆಲೆಯ ಮೆಕ್ಕೆಜೋಳ ತರಿಸಿ ಬೆಲೆಯನ್ನು ಹಿಡಿದಿಟ್ಟಿದ್ದರು. 1846ರಲ್ಲಿ ಅಧಿಕಾರಕ್ಕೆ ಬಂದ ಜಾನ್ ರಸೆಲ್ ಸರ್ಕಾರ, ಪೇಟೆಯ ವ್ಯಾಪಾರದಲ್ಲಿ ಕೈಹಾಕುವುದು ತಪ್ಪೆಂದು ನಂಬಿತ್ತು. ಖಜಾನೆ ಇಲಾಖೆಯಲ್ಲಿ ಕುಳಿತು ಪರಿಹಾರದ ಹಣವನ್ನು ಬಿಗಿಹಿಡಿದ ಚಾರ್ಲ್ಸ್ ಟ್ರೆವೆಲ್ಯನ್ (1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದವರು ಇವರೇ) ಕ್ಷಾಮವನ್ನು ಐರಿಷ್ ಸಮಾಜವನ್ನು ತಿದ್ದಲು ದೇವರೇ ಕಳಿಸಿದ ಪಾಠವೆಂಬಂತೆ ಕಂಡಿದ್ದರು.

ಪರಿಹಾರಕ್ಕಾಗಿ ಸರ್ಕಾರ ಮೊದಲು ರಸ್ತೆ ಕೆಲಸ ತೆರೆಯಿತು. 1847ರ ಮಾರ್ಚ್ ವೇಳೆಗೆ 7 ಲಕ್ಷಕ್ಕೂ ಹೆಚ್ಚು ಮಂದಿ, ಹೆಂಗಸರು ಮತ್ತು ಮಕ್ಕಳೂ ಸೇರಿ, ಹಿಮದಲ್ಲಿ ಬರಿಗಾಲಲ್ಲಿ ನಿಂತು ಕಲ್ಲು ಒಡೆಯುತ್ತಿದ್ದರು. ಮೆಕ್ಕೆಜೋಳದ ಬೆಲೆ ಏರುತ್ತಿದ್ದರೆ ಕೂಲಿ ಏರಲಿಲ್ಲ, ಸಕಾಲಕ್ಕೆ ಕೈಗೂ ಬರುತ್ತಿರಲಿಲ್ಲ. ಎಲ್ಲಿಗೂ ಹೋಗದ ಅಂತಹ ರಸ್ತೆಗಳು ಪಶ್ಚಿಮದ ಬೆಟ್ಟಗಳಲ್ಲಿ ಇಂದಿಗೂ ಇವೆ. ಇದು ಕೈಕೊಟ್ಟ ಮೇಲೆ ತೆರೆದ ಗಂಜಿಕೇಂದ್ರಗಳು 1847ರ ಬೇಸಿಗೆಯಲ್ಲಿ ದಿನಕ್ಕೆ 30 ಲಕ್ಷ ಜನರಿಗೆ ಊಟ ಕೊಟ್ಟವು, ಸಾವಿನ ಸಂಖ್ಯೆಯೂ ಇಳಿಯಿತು. ಮನಸ್ಸು ಮಾಡಿದ್ದರೆ ಏನು ಸಾಧ್ಯವಿತ್ತೆಂಬುದಕ್ಕೆ ಈ ಬೇಸಿಗೆಯೇ ಸಾಕ್ಷಿ. ಆದರೆ ಆ ಶರತ್ಕಾಲದಲ್ಲೇ ಅವುಗಳನ್ನು ಮುಚ್ಚಲಾಯಿತು, ಇನ್ನು ಐರ್ಲೆಂಡಿನ ಬಡವರನ್ನು ಐರ್ಲೆಂಡಿನ ಆಸ್ತಿವಂತರೇ ತೆರಿಗೆ ಕಟ್ಟಿ ಸಾಕಲಿ ಎಂಬ ಕಾನೂನು ಬಂತು.

ಆ ಕಾನೂನಿನ ಒಳಸುಳಿಗಳು ಕ್ಷಾಮಕ್ಕಿಂತ ಕ್ರೂರವಾಗಿದ್ದವು. ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಪರಿಹಾರವಿಲ್ಲ; ಅನ್ನ ಬೇಕಾದರೆ ನೆಲ ಬಿಟ್ಟುಕೊಡಬೇಕು. ಇನ್ನೊಂದು ಕಡೆ, ವರ್ಷಕ್ಕೆ 4 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಮೌಲ್ಯದ ಹಿಡುವಳಿಗಳ ಮೇಲೆ ಬೀಳುವ, ಬಡವರನ್ನು ಸಾಕುವ ಈ ತೆರಿಗೆಯನ್ನು ಜಮೀನ್ದಾರನೇ ಕಟ್ಟಬೇಕಿತ್ತು. ಹೀಗಾಗಿ ಸಣ್ಣ ಗೇಣಿದಾರನನ್ನು ಇಟ್ಟುಕೊಂಡರೆ ನಷ್ಟ, ಒಕ್ಕಲೆಬ್ಬಿಸಿದರೆ ಲಾಭ. ಒಕ್ಕಲೆಬ್ಬಿಸಿದ ದಿನವೇ ಸೂರಿನ ತೊಲೆಗೆ ಹಗ್ಗ ಕಟ್ಟಿ ಎಳೆದು ಮನೆಯನ್ನು ಬೀಳಿಸುತ್ತಿದ್ದರು, ಮತ್ತೆ ಬಂದು ಸೇರದಿರಲೆಂದು. ಬಿದ್ದ ಮನೆಯ ಗೋಡೆಗೆ ಒರಗಿಸಿ ನಾಲ್ಕು ಕಟ್ಟಿಗೆ ಕಟ್ಟಿಕೊಂಡೋ, ನೆಲದಲ್ಲಿ ಗುಂಡಿ ತೋಡಿ ಮೇಲೆ ಹುಲ್ಲುಹೆಂಟೆ ಹೊದಿಸಿಕೊಂಡೋ ಚಳಿಗಾಲ ಕಳೆದ ಕುಟುಂಬಗಳಿದ್ದವು. 1849ರಿಂದ 1854ರವರೆಗೆ ಪೊಲೀಸರು ದಾಖಲಿಸಿದ ಲೆಕ್ಕದಲ್ಲೇ ಸುಮಾರು 50,000 ಕುಟುಂಬಗಳು ಹೀಗೆ ಬೀದಿಗೆ ಬಿದ್ದಿವೆ.

ಒಟ್ಟು ಸುಮಾರು 10 ಲಕ್ಷ ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಸಿವಿನಿಂದ ಬಸವಳಿದ ಮೈಯನ್ನು ಹಿಡಿದ ಟೈಫಸ್, ಮರುಕಳಿಸುವ ಜ್ವರ ಮತ್ತು ಆಮಶಂಕೆ. 1841ರಲ್ಲಿ 4 ಲಕ್ಷ 91 ಸಾವಿರವಿದ್ದ ಆ ನಾಲ್ಕನೆಯ ದರ್ಜೆಯ ಗುಡಿಸಲುಗಳು 1851ರ ಗಣತಿಯಲ್ಲಿ 1 ಲಕ್ಷ 35 ಸಾವಿರಕ್ಕೆ ಇಳಿದಿದ್ದವು. ವಸತಿ ಸುಧಾರಿಸಿತೆಂದು ಯಾರಾದರೂ ಈ ಅಂಕಿಯನ್ನು ಓದಿದರೆ, ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಕೇಳಬೇಕಾಗುತ್ತದೆ.

ಪ್ರಶ್ನೆ: ಸುತ್ತಲೂ ಸಮುದ್ರವಿರುವ ದ್ವೀಪದಲ್ಲಿ ಜನ ಮೀನು ಹಿಡಿದು ಬದುಕಬಹುದಿತ್ತಲ್ಲವೇ?

ಉತ್ತರ: ತೀರದವರು ಪ್ರಯತ್ನಪಡದೆ ಇರಲಿಲ್ಲ. ಬಂಡೆಗಳ ಮೇಲಿನ ಚಿಪ್ಪುಜೀವಿಗಳನ್ನೂ ತಿನ್ನಬಹುದಾದ ಕಡಲಪಾಚಿಯನ್ನೂ ಎಷ್ಟೋ ಕಡೆ ಪೂರ್ತಿ ಬರಿದು ಮಾಡಿದ್ದರು. ಆದರೆ ಪಶ್ಚಿಮ ತೀರದ ಬಡವನ ದೋಣಿ ‘ಕರಹ್’, ಅಂದರೆ ಮರದ ಹಂದರಕ್ಕೆ ಚರ್ಮ ಅಥವಾ ಡಾಂಬರು ಬಳಿದ ಬಟ್ಟೆ ಬಿಗಿದ ಹಗುರವಾದ ದೋಣಿ. ಅಟ್ಲಾಂಟಿಕ್ ಸಾಗರದ ಚಳಿಗಾಲದ ಅಲೆಗಳಲ್ಲಿ ಮೀನು ಇರುವ ಆಳಕ್ಕೆ ಅದರಲ್ಲಿ ಹೋಗುವುದು ಪ್ರಾಣದ ಮೇಲೆ ಆಸೆ ಬಿಟ್ಟವರ ಕೆಲಸ. ಹಡಗುಕಟ್ಟೆ ಇಲ್ಲ, ಹಿಡಿದದ್ದನ್ನು ಕೆಡದಂತಿಡಲು ಉಪ್ಪಿಗೆ ಹಣವಿಲ್ಲ, ಒಳನಾಡಿಗೆ ಸಾಗಿಸಲು ರೈಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೀನುಗಾರನೂ ಆಲೂಗಡ್ಡೆ ತಿನ್ನುವವನೇ. ಬೆಳೆ ಹೋದ ಮೊದಲ ಚಳಿಗಾಲದಲ್ಲೇ ಹಿಟ್ಟು ಕೊಳ್ಳಲು ಎಷ್ಟೋ ಮೀನುಗಾರರು ಬಲೆ, ಗಾಳಗಳನ್ನು ಗಿರವಿ ಇಟ್ಟಿದ್ದರು. ಇದನ್ನು ಕಂಡ ಕ್ವೇಕರ್ ಪಂಥದ ಪರಿಹಾರ ಸಮಿತಿಯವರು ಕೆಲವು ಕಡೆ ಸಾಲ ಕೊಟ್ಟು ಬಲೆಗಳನ್ನು ಬಿಡಿಸಿಕೊಟ್ಟರು. ಆ ಕಾಲದ ಪರಿಹಾರ ಕಾರ್ಯಗಳಲ್ಲಿ ತಲೆ ಉಪಯೋಗಿಸಿ ಮಾಡಿದ ಕೆಲವೇ ಕೆಲಸಗಳಲ್ಲಿ ಇದೊಂದು.

ಪ್ರಶ್ನೆ: ಆಗಿನ ಇಂಗ್ಲಿಷ್ ಪತ್ರಿಕೆಗಳು ಐರಿಷರನ್ನು ಸೋಮಾರಿಗಳೆಂದು ಬರೆಯುತ್ತಿದ್ದವಂತೆ. ಅದರಲ್ಲಿ ಸತ್ಯಾಂಶವಿದೆಯೇ?

ಉತ್ತರ: ಬರೆಯುತ್ತಿದ್ದದ್ದು ನಿಜ, ಬರೆದದ್ದು ನಿಜವಲ್ಲ. 1836ರಲ್ಲಿ ವರದಿ ಕೊಟ್ಟ ಸರ್ಕಾರಿ ವಿಚಾರಣಾ ಆಯೋಗವೇ, 5 ಲಕ್ಷ 85 ಸಾವಿರ ಕೂಲಿಕಾರರಿಗೆ ವರ್ಷದ 30 ವಾರ ಕೆಲಸವೇ ಇರುವುದಿಲ್ಲವೆಂದು ಲೆಕ್ಕ ಹಾಕಿತ್ತು. ಕೆಲಸವಿಲ್ಲದವನು ಬೇಲಿಗೆ ಒರಗಿ ನಿಂತದ್ದನ್ನು ಕಂಡ ಪ್ರವಾಸಿ ಸೋಮಾರಿಯೆಂದು ಬರೆದುಕೊಂಡು ಹೋದ. ಅದೇ ಮನುಷ್ಯ ಬೇಸಿಗೆಯಲ್ಲಿ ದನ ಸಾಗಿಸುವ ಹಡಗಿನ ಮೇಲಟ್ಟದಲ್ಲಿ ನಿಂತು ಸಮುದ್ರ ದಾಟಿ, ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿನ ಹೊಲಗಳಲ್ಲಿ ಕುಯ್ಲು ಮಾಡಿ, ಗೇಣಿಯ ಹಣವನ್ನು ಬಟ್ಟೆಯೊಳಗೆ ಹೊಲಿದುಕೊಂಡು ಹಿಂದಿರುಗುತ್ತಿದ್ದ. 1841ರ ಬೇಸಿಗೆಯೊಂದರಲ್ಲೇ ಹೀಗೆ ಹೋದವರು 57,000ಕ್ಕೂ ಹೆಚ್ಚು. ಗುಡಿಸಲನ್ನು ಏಕೆ ಸುಧಾರಿಸಿಕೊಳ್ಳಲಿಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಹೆಚ್ಚಿನವರು ಜಮೀನ್ದಾರ ಬಯಸಿದಾಗ ಬಿಡಬೇಕಾದ ಗೇಣಿದಾರರು, ಗೋಡೆಗೆ ಸುಣ್ಣ ಬಳಿದು ಕಿಟಕಿ ಇಟ್ಟರೆ ಮುಂದಿನ ವರ್ಷ ಗೇಣಿ ಏರುವ ಭಯವಿತ್ತು, ಬಿಡಿಸಿದಾಗ ಖರ್ಚಿಗೆ ಪರಿಹಾರವೂ ಇರಲಿಲ್ಲ. ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಹಲವು ಕಡೆ ಮಾತ್ರ ರೂಢಿಯ ಪ್ರಕಾರ ಇಂಥ ಪರಿಹಾರ ಸಿಗುತ್ತಿತ್ತು.

ಪ್ರಶ್ನೆ: ‘ವರ್ಕ್‌ಹೌಸ್’ ಎಂಬ ಅನಾಥಾಲಯಗಳಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲೆಂದು ಜನ ಹೇಳುತ್ತಿದ್ದದ್ದೇಕೆ?

ಉತ್ತರ: ಅವು ಅನಾಥಾಲಯಗಳಲ್ಲ, ನಿರ್ಗತಿಕರನ್ನು ದುಡಿಸಿ ಊಟ ಕೊಡುವ ಸರ್ಕಾರಿ ಮನೆಗಳು. 1838ರ ಕಾನೂನಿನಂತೆ ದೇಶದಲ್ಲಿ ಮೊದಲಿಗೆ 130 ಇಂತಹ ಕಟ್ಟಡಗಳು ಎದ್ದವು. ಹೊರಗಿನ ಅತಿ ಬಡವನ ಬದುಕಿಗಿಂತಲೂ ಒಳಗಿನ ಬದುಕು ಕೆಟ್ಟದಾಗಿರಬೇಕು, ಇಲ್ಲದಿದ್ದರೆ ಎಲ್ಲರೂ ಬಂದುಬಿಡುತ್ತಾರೆ ಎಂಬುದು ಅವುಗಳ ಘೋಷಿತ ನೀತಿ. ಹೊರಗಿನ ಬದುಕೇ ಅಷ್ಟು ಕೆಟ್ಟದಾಗಿದ್ದ ದೇಶದಲ್ಲಿ ಊಟವನ್ನು ಇನ್ನೂ ಕೆಡಿಸುವುದು ಸುಲಭವಿರಲಿಲ್ಲ, ಆದ್ದರಿಂದ ಕಟ್ಟುಪಾಡುಗಳನ್ನು ಬಿಗಿ ಮಾಡಿದರು. ಇಡೀ ಕುಟುಂಬ ಒಟ್ಟಿಗೆ ಸೇರಬೇಕು. ಸೇರಿದ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಎರಡು ವರ್ಷ ದಾಟಿದ ಮಕ್ಕಳು ಇನ್ನೊಂದು ಕಡೆ. ಮೈಮೇಲಿನ ಬಟ್ಟೆ ತೆಗೆದಿಟ್ಟುಕೊಂಡು ಸಮವಸ್ತ್ರ ಕೊಡುವರು. ಗಂಡಸರಿಗೆ ಕಲ್ಲು ಒಡೆಯುವ ಕೆಲಸ, ಹೆಂಗಸರಿಗೆ ಒಗೆಯುವ, ಹೆಣೆಯುವ ಕೆಲಸ. ಗೋಡೆಯಾಚೆ ಇರುವ ಮಗುವಿಗೆ ಜ್ವರ ಬಂದು ತೀರಿಕೊಂಡರೂ ತಾಯಿಗೆ ತಡವಾಗಿ ತಿಳಿಯುವುದಿತ್ತು. ಕೆಲವು ನೂರು ಜನರಿಗೆಂದು ಕಟ್ಟಿದ ಮನೆಗಳಲ್ಲಿ ಅದರ ಎರಡು ಪಾಲು ಜನ ತುಂಬಿದಾಗ ಹೇನಿನಿಂದ ಹರಡುವ ಟೈಫಸ್‌ಗೆ ಅದಕ್ಕಿಂತ ಅನುಕೂಲವಾದ ಜಾಗ ಬೇರೆ ಬೇಕಿರಲಿಲ್ಲ. ಅಷ್ಟಾದರೂ 1849ರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಒಂದೇ ವೇಳೆಗೆ ಅಲ್ಲಿದ್ದರು.

ಪ್ರಶ್ನೆ: ಅಮೆರಿಕಕ್ಕೆ ವಲಸೆ ಹೋದವರ ಕಷ್ಟ ಅಲ್ಲಿಗೆ ಮುಗಿಯಿತೇ?

ಉತ್ತರ: ಹಡಗಿನಲ್ಲೇ ಮುಗಿದುಹೋದವರೂ ಇದ್ದಾರೆ. ಕೆನಡಾದಿಂದ ಮರ ತಂದು ಇಳಿಸಿದ ಹಡಗುಗಳು ಹಿಂದಿರುಗುವಾಗ ಅಗ್ಗದ ದರಕ್ಕೆ ಜನರನ್ನು ತುಂಬಿಕೊಳ್ಳುತ್ತಿದ್ದವು. 1847ರಲ್ಲಿ ಕ್ವೆಬೆಕ್ ಬಳಿಯ ಗ್ರೋಸ್ ಈಲ್ ದ್ವೀಪದ ಆರೋಗ್ಯ ತಪಾಸಣಾ ಠಾಣೆಯ ಮುಂದೆ ಜ್ವರಪೀಡಿತರನ್ನು ಹೊತ್ತ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಆ ಒಂದೇ ವರ್ಷ ಅಲ್ಲಿ 5,000ಕ್ಕೂ ಹೆಚ್ಚು ಜನರನ್ನು ಹೂಳಲಾಯಿತು. ಬದುಕಿ ದಡ ಸೇರಿದವರು ಕಾಲುವೆ ತೋಡಿದರು, ರೈಲುಹಳಿ ಹಾಕಿದರು, ಹುಡುಗಿಯರು ಬಾಸ್ಟನ್, ನ್ಯೂಯಾರ್ಕ್‌ಗಳ ಮನೆಗಳಲ್ಲಿ ಅಡುಗೆ, ಕಸಮುಸುರೆಗೆ ನಿಂತರು. ಯುರೋಪಿನ ಇತರ ದೇಶಗಳಿಗಿಂತ ಭಿನ್ನವಾಗಿ, ಐರ್ಲೆಂಡಿನಿಂದ ಗಂಡಸರಷ್ಟೇ ಸಂಖ್ಯೆಯಲ್ಲಿ ಒಂಟಿ ಹೆಣ್ಣುಮಕ್ಕಳೂ ಹೊರಟರು. ಕ್ಷಾಮದ ನಂತರ ನೆಲವನ್ನು ತುಂಡರಿಸುವುದು ನಿಂತಿತ್ತು. ಒಬ್ಬ ಮಗನಿಗೆ ಹೊಲ, ಒಬ್ಬ ಮಗಳಿಗೆ ವರದಕ್ಷಿಣೆ, ಉಳಿದವರಿಗೆ ಹಡಗು. ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಸೇರಿ, ಸತ್ತವರ ಮನೆಯಲ್ಲಿ ಜಾಗರಣೆ ಮಾಡುವ ರೂಢಿಯಲ್ಲೇ ಬೆಳಗಿನ ತನಕ ಎಚ್ಚರವಿರುತ್ತಿದ್ದರು. ಹಾಡು, ಕುಣಿತ, ನಡುನಡುವೆ ಮುದುಕಿಯರ ರೋದನ. ಏಕೆಂದರೆ ಹೋದವರು ಮತ್ತೆ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಬರುತ್ತಿದ್ದದ್ದು ಕಾಗದ, ಅದರೊಳಗೆ ಹಣ ಅಥವಾ ತಮ್ಮನಿಗೋ ತಂಗಿಗೋ ಮುಂಗಡವಾಗಿ ಕೊಂಡ ಟಿಕೆಟು. ಊರಲ್ಲಿ ಉಳಿದವರ ಗೇಣಿ ಬಹುಕಾಲ ಆ ಹಣದಿಂದಲೇ ಸಂದಾಯವಾಯಿತು. 1841ರಲ್ಲಿ 80 ಲಕ್ಷ ದಾಟಿದ್ದ ದ್ವೀಪದ ಜನಸಂಖ್ಯೆ 1911ರಲ್ಲಿ ಸುಮಾರು 44 ಲಕ್ಷಕ್ಕೆ ಇಳಿದಿತ್ತು. ಹಿಂದಿನ ಮಟ್ಟವನ್ನು ಅದು ಇಂದಿಗೂ ಮುಟ್ಟಿಲ್ಲ.

ಪ್ರಶ್ನೆ: ಪಟ್ಟಣಗಳಲ್ಲಿದ್ದ ಬಡವರ ಸ್ಥಿತಿ ಇದಕ್ಕಿಂತ ಮೇಲಾಗಿತ್ತೇ?

ಉತ್ತರ: ಡಬ್ಲಿನ್ ನಗರದ ಮಟ್ಟಿಗೆ ಹೇಳುವುದಾದರೆ, ಇಲ್ಲ. 1801ರಲ್ಲಿ ಐರಿಷ್ ಸಂಸತ್ತು ಇಲ್ಲವಾದ ಮೇಲೆ ಸಿರಿವಂತರು ಲಂಡನ್ನಿಗೆ ಹೋದರು, ಅವರ ಮಹಡಿ ಮನೆಗಳು ಕೈಬದಲಾಗುತ್ತ ಕೋಣೆಗೊಂದು ಸಂಸಾರದ ವಠಾರಗಳಾದವು. ಹೆನ್ರಿಯೆಟಾ ಬೀದಿಯ 14ನೆಯ ನಂಬರಿನ ಮನೆಯಲ್ಲಿ 1911ರ ಗಣತಿಯ ಹೊತ್ತಿಗೆ 100 ಜನರಿದ್ದರು. ಹಿತ್ತಲಿನ ನಲ್ಲಿ, ಕಕ್ಕಸು ಎಲ್ಲರಿಗೂ ಸೇರಿದ್ದು. ನಾಲ್ಕನೆಯ ಅಂತಸ್ತಿನವರು ಬಕೆಟ್ಟಿನಲ್ಲಿ ನೀರು ಹೊತ್ತು ಮೇಲಕ್ಕೆ, ಕೊಳಕು ಹೊತ್ತು ಕೆಳಕ್ಕೆ. ಇಲ್ಲಿಯೂ ಬಾಡಿಗೆಯೇ ಬದುಕಿನ ತಾಳ ಹಾಕುತ್ತಿತ್ತು: ಗಂಡನ ಭಾನುವಾರದ ಸೂಟನ್ನು ಸೋಮವಾರ ಗಿರವಿ ಇಟ್ಟು ವಾರ ತಳ್ಳುವುದು, ಶನಿವಾರ ಸಂಬಳ ಬಂದಾಗ ಪೂಜೆಗೆ ಹಾಕಿಕೊಳ್ಳಲೆಂದು ಬಿಡಿಸಿಕೊಳ್ಳುವುದು. 1913ರ ಸೆಪ್ಟೆಂಬರಿನಲ್ಲಿ ಚರ್ಚ್ ಸ್ಟ್ರೀಟಿನ ಎರಡು ವಠಾರಗಳು ಕುಸಿದು 7 ಮಂದಿ ಸತ್ತ ಬಳಿಕ ಸರ್ಕಾರ ವಿಚಾರಣೆ ನಡೆಸಿತು. ನಗರದ 20,000ಕ್ಕೂ ಹೆಚ್ಚು ಕುಟುಂಬಗಳು ತಲಾ ಒಂದೇ ಕೋಣೆಯಲ್ಲಿವೆಯೆಂದು 1914ರ ವರದಿ ಹೇಳಿತು. ವರದಿಯ ಬೆನ್ನಿಗೆ ಯುದ್ಧ ಬಂತು, ಮನೆ ಕಟ್ಟುವ ಕೆಲಸ ಹಿಂದೆ ಬಿತ್ತು. ಹೆನ್ರಿಯೆಟಾ ಬೀದಿಯ ಆ ಮನೆಯಿಂದ ಕೊನೆಯ ಬಾಡಿಗೆದಾರರು ಹೊರಟದ್ದು 1970ರ ದಶಕದ ಕೊನೆಯಲ್ಲಿ; ಈಗ ಅದು ವಠಾರದ ಬದುಕನ್ನು ತೋರಿಸುವ ವಸ್ತುಸಂಗ್ರಹಾಲಯವಾಗಿದೆ.